ಮಾಡ್ಬಿಡಿ, ಆಮೇಲೆ ನೋಡ್ಕೊಳ್ಳೋಣ

ಯಾವುದೇ ನಿಗಮದ ಕಚೇರಿ ಎದುರಿನ ಟೀ ಅಂಗಡಿಯಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಒಳಗಿರುವ ಸಾಹೇಬರ ಬಾಯಿ ಎಂಥದ್ದು ಅಂತ ಗೊತ್ತಾಗಿಬಿಡುತ್ತದೆ. ಮೀಟಿಂಗಿನಲ್ಲಿ ಯಾರ ಮಾನ ಕಳೆದರು, ಯಾರ ಮುಂದೆ ಫೈಲು ಎಸೆದರು, ರಜೆ ಕೇಳಲು ಹೋದವನಿಗೆ ಏನಂದರು, ಎಲ್ಲವೂ ಅಲ್ಲಿ ವರದಿಯಾಗುತ್ತದೆ. ದೂರು ಯಾವಾಗಲೂ ಬಾಯಿಯ ಮೇಲೆ. ಪೆನ್ನಿನ ಮೇಲೆ ದೂರು ಹೇಳುವವರು ಅಪರೂಪ. ಬಹಳ ದಿನದಿಂದ ತಲೆಯಲ್ಲಿ ಕೊರೆಯುತ್ತಿರುವುದು ಇದೇ. ಮೈಸೂರು, ಮಂಡ್ಯದ ಸರ್ಕಾರಿ ಸ್ವಾಮ್ಯದ ಕಚೇರಿಗಳಲ್ಲಿ ನೌಕರರ ನಿದ್ದೆ ಕೆಡಿಸಿದ, ಬಿ.ಪಿ. ಏರಿಸಿದ, ನಿವೃತ್ತಿಯ ದಿನ ಗ್ರಾಚುಟಿ ತಡೆಹಿಡಿಸಿದ ಪ್ರಕರಣಗಳ ಜಾಡು ಹಿಡಿದು ಹೋದರೆ, ತುದಿಯಲ್ಲಿ ಸಿಗುವವನು ಕೂಗಾಡಿದ ಅಧಿಕಾರಿ ಅಲ್ಲ, ಸಹಿ ಹಾಕದ ಅಧಿಕಾರಿ.

ಮಂಡ್ಯ ಕಡೆ ಮಾತೇ ಒರಟು. 'ಏನ್ಲಾ, ಅಲ್ಲೇನ್ ಕತ್ತೆ ಕಾಯ್ತಿದ್ಯಾ' ಅಂತ ಫೋನಿನಲ್ಲಿ ಅಬ್ಬರಿಸಿದ ಇಂಜಿನಿಯರೇ ಮಧ್ಯಾಹ್ನ ಅದೇ ಹುಡುಗನನ್ನು ಜೀಪಿನಲ್ಲಿ ಕೂರಿಸಿಕೊಂಡು ಮುದ್ದೆ ಊಟಕ್ಕೆ ಕರೆದುಕೊಂಡು ಹೋಗುತ್ತಾನೆ, ಸಂಜೆ ಅವನ ಬಿಲ್ಲಿಗೆ ಸಹಿಯೂ ಹಾಕುತ್ತಾನೆ. ಮೈಸೂರಿನ ಕೊಠಡಿಗಳಲ್ಲಿ ದನಿ ಏರುವುದೇ ಇಲ್ಲ. 'ನೋಡಿ ಇವ್ರೆ, ತಾವೂ ಅನುಭವಸ್ಥರು, ನಾನು ಬಾಯಿಬಿಟ್ಟು ಹೇಳ್ಬೇಕಾ' ಅಂತ ನಯವಾಗಿ ಮಾತು ಮುಗಿಯುತ್ತದೆ. ಆ ಬಾಯಿಬಿಡದ ಮಾತಿನ ಅರ್ಥ ಐದು ವರ್ಷ ಬಿಟ್ಟು ದೋಷಾರೋಪಣಾ ಪಟ್ಟಿ ಕೈಗೆ ಬಂದಾಗ ಹೊಳೆಯುತ್ತದೆ. ಇಷ್ಟು ಹೇಳಿದ್ದು ಬೈಗುಳಕ್ಕೆ ಮಾಫಿ ಕೊಡಲು ಅಲ್ಲ. ತಿರುಗಿ ಮಾತಾಡಲು ಆಗದವರ ಮೇಲೆ, ಅಂದರೆ ಗ್ರೂಪ್ ಡಿ ನೌಕರರು, ಹೊಸದಾಗಿ ಸೇರಿದ ಹೆಣ್ಣುಮಕ್ಕಳು, 'ನಮ್ಮೋರು' ಅನ್ನಿಸಿಕೊಳ್ಳದ ಜಾತಿಯವರು, ಇವರ ಮೇಲೆಯೇ ಹೆಚ್ಚು ಏರುವ ದನಿ ಬರೀ ಒರಟುತನವಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಬೈಗುಳ ಹತ್ತು ಜನರ ಕಿವಿಗೆ ಬೀಳುತ್ತದೆ, ಸಾಕ್ಷಿ ಇರುತ್ತದೆ. ಕಚೇರಿಯನ್ನು ಒಳಗಿಂದ ಹಾಳುಮಾಡುವ ಬಾಯಿಮಾತಿನ ಆದೇಶಕ್ಕೆ ಸಾಕ್ಷಿಯೇ ಇರುವುದಿಲ್ಲ.

'ಚರ್ಚಿಸಿ'

ವಿಷಯ ನಿರ್ವಾಹಕ, ಅಂದರೆ ಕಡತ ನೋಡಿಕೊಳ್ಳುವ ಗುಮಾಸ್ತ, ಕಂಡಿಕೆ ಕಂಡಿಕೆಯಾಗಿ ವಿಷಯ ಬರೆದು, ನಿಯಮ ಉಲ್ಲೇಖಿಸಿ, 'ಆದೇಶಕ್ಕಾಗಿ ಮಂಡಿಸಿದೆ' ಎಂದು ಮುಗಿಸುತ್ತಾನೆ. ಅಧೀಕ್ಷಕರು ಸಹಿ ಹಾಕುತ್ತಾರೆ, ಅವರ ಮೇಲಿನವರೂ ಹಾಕುತ್ತಾರೆ. ಎಲ್ಲಕ್ಕಿಂತ ಮೇಲಿನ ಕೊಠಡಿಯಿಂದ ಕಡತ ವಾಪಸ್ ಬಂದಾಗ ಅದರಲ್ಲಿ ಇರುವುದು ಒಂದೇ ಪದ: ಚರ್ಚಿಸಿ. ಚರ್ಚೆ ತಪ್ಪಲ್ಲ. ಅರ್ಥವಾಗದ್ದನ್ನು ಕರೆದು ಕೇಳುವುದು ಒಳ್ಳೆಯ ಅಧಿಕಾರಿಯ ಲಕ್ಷಣವೇ. ಕೆಡುವುದು ಆ ಮೇಲಿನ ಹೆಜ್ಜೆಯಲ್ಲಿ. ಕೊಠಡಿಯೊಳಗೆ 'ಆ ಪಾರ್ಟಿಗೇ ಆಗೋ ಹಾಗೆ ಬರ್ಕೊಂಡ್ ಬನ್ನಿ' ಅಥವಾ 'ಎಸ್ಟಿಮೇಟ್ ಮೂರು ತುಂಡು ಮಾಡಿ, ಟೆಂಡರ್ ತನಕ ಹೋಗೋದು ಬೇಡ' ಅನ್ನುವ ಮಾತು ಬರುತ್ತದೆ. ಕೆಳಗಿಳಿದು ಬಂದ ವಿಷಯ ನಿರ್ವಾಹಕ ತನ್ನದೇ ಅಭಿಪ್ರಾಯ ಎಂಬಂತೆ ಹೊಸ ಟಿಪ್ಪಣಿ ಬರೆಯುತ್ತಾನೆ. ಈಗ ಮೇಲಿನವರು ಹಾಕುವುದು 'ಪ್ರಸ್ತಾವನೆಯಂತೆ' ಎಂಬ ಸಹಿ. ಕಡತ ಓದಿದವರಿಗೆ ಕಾಣುವುದು ಇಷ್ಟೇ: ಕೆಳಗಿನವನು ಪ್ರಸ್ತಾಪ ಮಾಡಿದ, ಸಾಹೇಬರು ನಂಬಿ ಒಪ್ಪಿದರು. ಸಾರ್ವಜನಿಕ ಸಂಗ್ರಹಣೆಯಲ್ಲಿ, ಅಂದರೆ ಸರ್ಕಾರಿ ಖರೀದಿ, ಗುತ್ತಿಗೆಯಲ್ಲಿ, ಪಾರದರ್ಶಕತೆಗೆಂದೇ ರಾಜ್ಯದಲ್ಲಿ 1999ರ ಕಾಯ್ದೆ ಇದೆ. ತುಂಡು ಗುತ್ತಿಗೆಯ ಪ್ರಕರಣ ತನಿಖೆಗೆ ಬಂದಾಗ ಮೊದಲು ಹುಡುಕುವುದು ತುಂಡು ಮಾಡುವ ಪ್ರಸ್ತಾವನೆ ಯಾರದು ಅಂತ.

ಕಾಗದದ ಕಡತದ ಕಾಲದಲ್ಲಿ ಟಿಪ್ಪಣಿ ಹಾಳೆಯನ್ನೇ ಬದಲಿಸುವ ಕೈಚಳಕ ಇತ್ತು. ಪುಟ ಸಂಖ್ಯೆ ತಿದ್ದಿ, ಹೊಸ ಹಾಳೆ ಸೇರಿಸಿ, ಟ್ಯಾಗ್ ಕಟ್ಟಿದರೆ ಮುಗಿಯಿತು. ಕಡತವೆಲ್ಲ ಕಂಪ್ಯೂಟರಿನಲ್ಲೇ ಓಡಾಡುವ ಇ-ಆಫೀಸ್ ಬಂದ ಮೇಲೆ ಹಸಿರು ಟಿಪ್ಪಣಿಯಲ್ಲಿ ಬರೆದು ಕಳಿಸಿದ್ದನ್ನು ತಿದ್ದಲು ಆಗುವುದಿಲ್ಲ, ಯಾರು ಎಷ್ಟು ಗಂಟೆಗೆ ಬರೆದರು ಅನ್ನುವುದೂ ಉಳಿಯುತ್ತದೆ. ಎಲ್ಲ ಸರಿಹೋಗುತ್ತದೆ ಅಂದುಕೊಂಡರೆ ಚಾಳಿ ಬೇರೆ ದಾರಿ ಹಿಡಿಯಿತು. ಹಳದಿ ಟಿಪ್ಪಣಿ ಕರಡು, ಅದನ್ನು ತಿದ್ದಬಹುದು, ಅಳಿಸಬಹುದು. ಹೀಗಾಗಿ 'ಹಳದಿಯಲ್ಲಿ ಹಾಕಿ, ನಾನು ನೋಡ್ತೀನಿ, ಆಮೇಲೆ ಹಸಿರು ಮಾಡಿ' ಅನ್ನುವುದು ಪದ್ಧತಿಯಾಯಿತು. ಅದಕ್ಕೂ ಮೊದಲೇ ಪ್ರಿಂಟ್ ತೆಗೆದು ತೋರಿಸಿ, ಪೆನ್ಸಿಲ್ಲಿನಲ್ಲಿ ತಿದ್ದಿಸಿಕೊಂಡು ಬರುವ ಕಚೇರಿಗಳೂ ಇವೆ. ಪೆನ್ಸಿಲ್ ಬಳಸುವುದು ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ವಾಟ್ಸಾಪ್ ಗ್ರೂಪು. ರಾತ್ರಿ ಒಂಬತ್ತೂವರೆಗೆ ವಾಯ್ಸ್ ಮೆಸೇಜ್, ಬೆಳಿಗ್ಗೆ ನೋಡುವ ಹೊತ್ತಿಗೆ 'ಈ ಸಂದೇಶವನ್ನು ಅಳಿಸಲಾಗಿದೆ'.

ಇದಕ್ಕೆ ಮದ್ದು ಕಷ್ಟದ್ದಲ್ಲ, ಮುಜುಗರದ್ದು. ಚರ್ಚೆ ಮುಗಿಸಿ ಬಂದ ದಿನವೇ ಮುಂದಿನ ಕಂಡಿಕೆ ಬರೆಯಬೇಕು: 'ಹಿಂದಿನ ಕಂಡಿಕೆಯ ಸೂಚನೆಯಂತೆ ದಿನಾಂಕ ಇಂಥದ್ದರಂದು ಮೇಲಧಿಕಾರಿಗಳೊಂದಿಗೆ ಚರ್ಚಿಸಲಾಯಿತು. ಚರ್ಚೆಯಲ್ಲಿ ಸೂಚಿಸಿದಂತೆ ಕೆಳಕಂಡ ಕ್ರಮಕ್ಕೆ ಆದೇಶ ಕೋರಿ ಮಂಡಿಸಿದೆ.' ಹಾಜರಿದ್ದವರ ಪದನಾಮ ಸೇರಿಸಿದರೆ ಇನ್ನೂ ಒಳ್ಳೆಯದು. ತನ್ನ ಮೂಲ ಅಭಿಪ್ರಾಯದ ಕಂಡಿಕೆಯನ್ನು ಮಾತ್ರ ಅಳಿಸಬಾರದು, ಅದು ಅಲ್ಲೇ ಇರಲಿ. ಮೇಲಧಿಕಾರಿಗೆ ಬೇರೆ ಅಭಿಪ್ರಾಯ ಇದ್ದರೆ ಅದನ್ನು ಬರೆಯುವ ಹಕ್ಕೂ ಅಧಿಕಾರವೂ ಅವರಿಗೆ ಪೂರ್ತಿ ಇದೆ. 'ವಿಷಯ ನಿರ್ವಾಹಕರ ಅಭಿಪ್ರಾಯ ಒಪ್ಪುವುದಿಲ್ಲ, ಕಾರಣ ಇದು' ಎಂದು ಎರಡು ಸಾಲು ಬರೆದು ಸಹಿ ಹಾಕುವ ಅಧಿಕಾರಿಯ ಕೈಕೆಳಗೆ ಎಷ್ಟೇ ಬೈಸಿಕೊಂಡರೂ ನೌಕರರು ನೆಮ್ಮದಿಯಾಗಿರುತ್ತಾರೆ.

ಇದೇನು ಹೊಸದಾಗಿ ಕಂಡುಹಿಡಿದ ವಿಚಾರವಲ್ಲ. ಕೇಂದ್ರ ನೌಕರರ 1964ರ ನಡತೆ ನಿಯಮಗಳ ಮೂರನೇ ನಿಯಮದಲ್ಲೇ ಇದೆ: ಮೇಲಧಿಕಾರಿಯ ನಿರ್ದೇಶನ ಸಾಮಾನ್ಯವಾಗಿ ಲಿಖಿತವಾಗಿರಬೇಕು, ಮೌಖಿಕವಾಗಿ ಕೊಡಲೇಬೇಕಾಗಿ ಬಂದರೆ ಕೂಡಲೇ ಬರವಣಿಗೆಯಲ್ಲಿ ದೃಢೀಕರಿಸಬೇಕು, ಅಂಥ ದೃಢೀಕರಣ ಕೇಳುವುದು ಕೆಳಗಿನವನ ಕರ್ತವ್ಯ, ಕೊಡುವುದು ಮೇಲಿನವನ ಕರ್ತವ್ಯ. ಮಾಜಿ ಸಂಪುಟ ಕಾರ್ಯದರ್ಶಿ ಟಿ.ಎಸ್.ಆರ್. ಸುಬ್ರಮಣಿಯನ್ ಮತ್ತಿತರ ನಿವೃತ್ತ ಅಧಿಕಾರಿಗಳು ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಅಕ್ಟೋಬರಿನಲ್ಲಿ ಇದನ್ನೇ ಒತ್ತಿ ಹೇಳಿತು. ಅಧಿಕಾರಿಗಳು ಮೌಖಿಕ ಸೂಚನೆಯ ಮೇಲೆ ಕೆಲಸ ಮಾಡುವಂತಿಲ್ಲ, ಅವನ್ನು ದಾಖಲಿಸಬೇಕು, ಹುದ್ದೆಯಲ್ಲಿ ಕನಿಷ್ಠ ಅವಧಿ ಇರಬೇಕು ಎಂದಿತು. ದೊಡ್ಡ ಅಧಿಕಾರಿಗಳು ಮಂತ್ರಿಗಳ ಬಾಯಿಮಾತಿನಿಂದ ತಪ್ಪಿಸಿಕೊಳ್ಳಲು ದೆಹಲಿಯ ತನಕ ಹೋಗಿ ಈ ತೀರ್ಪು ತಂದರು. ಅದೇ ರಕ್ಷಣೆ ತಮ್ಮ ಕೈಕೆಳಗಿನ ಎಸ್‌ಡಿಎಗೂ, ಅಂದರೆ ದ್ವಿತೀಯ ದರ್ಜೆ ಸಹಾಯಕನಿಗೂ, ಬೇಕು ಅನ್ನುವುದು ಎಷ್ಟು ಜನಕ್ಕೆ ಹೊಳೆದಿದೆಯೋ.

ಮಾರ್ಚ್ ಕೊನೆಯ ವಾರ

ಈ ಚಾಳಿ ಮೈತುಂಬಿಕೊಂಡು ಕುಣಿಯುವುದನ್ನು ನೋಡಬೇಕಾದರೆ ಇಂಜಿನಿಯರಿಂಗ್ ಕಚೇರಿಗೆ ಮಾರ್ಚ್ 25ರ ಮೇಲೆ ಹೋಗಬೇಕು. ರಾತ್ರಿ ಹನ್ನೊಂದಾದರೂ ಲೈಟು ಉರಿಯುತ್ತಿರುತ್ತದೆ, ಮೇಜಿನ ಮೇಲೆ ಬೋಂಡಾ ಪೊಟ್ಟಣ, ಕಾರಿಡಾರಿನಲ್ಲಿ ಗುತ್ತಿಗೆದಾರರ ಹುಡುಗರು. ಇಲಾಖೆಯಲ್ಲಾದರೆ ಬಿಲ್ಲು ಖಜಾನೆ-2ಕ್ಕೆ, ಅಂದರೆ ಸರ್ಕಾರದ ಹಣ ಪಾವತಿಯ ಆನ್‌ಲೈನ್ ವ್ಯವಸ್ಥೆಗೆ, ಹತ್ತಬೇಕು, ನಿಗಮದಲ್ಲಾದರೆ ಬಳಕೆ ಪ್ರಮಾಣಪತ್ರ ಹೋಗಬೇಕು. ಎಲ್ಲಕ್ಕೂ ಮೂಲ ಅಳತೆ ಪುಸ್ತಕ, ಎಲ್ಲರ ಬಾಯಲ್ಲಿ ಎಂಬಿ. ಎಂಬಿ ಅಂದರೆ ಸಾಮಾನ್ಯ ನೋಟ್‌ಬುಕ್ ಅಲ್ಲ. ಪುಟಗಳಿಗೆ ಮುದ್ರಿತ ಸಂಖ್ಯೆ ಇರುತ್ತದೆ, ಯಾವ ಪುಸ್ತಕ ಯಾವ ಜೆಇಗೆ, ಅಂದರೆ ಕಿರಿಯ ಇಂಜಿನಿಯರಿಗೆ, ಕೊಟ್ಟದ್ದು ಅನ್ನುವುದಕ್ಕೆ ರಿಜಿಸ್ಟರ್ ಇರುತ್ತದೆ, ಹಾಳೆ ಹರಿಯುವಂತಿಲ್ಲ, ಅಂಕಿಯ ಮೇಲೆ ಅಂಕಿ ಬರೆಯುವಂತಿಲ್ಲ. ತಪ್ಪಾದರೆ ಗೆರೆ ಎಳೆದು ಪಕ್ಕದಲ್ಲಿ ಬರೆದು ಚಿಕ್ಕ ಸಹಿ ಹಾಕಬೇಕು. ಅಳತೆ ತೆಗೆದ ದಿನಾಂಕ, ಉದ್ದ, ಅಗಲ, ಆಳ ಎಲ್ಲ ಜೆಇ ಕೈಬರಹದಲ್ಲಿ. ಆಮೇಲೆ ಎಇಇ, ಅಂದರೆ ಅವನ ಮೇಲಿನ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್, ಸ್ಥಳಕ್ಕೆ ಹೋಗಿ ಮರು ಅಳತೆ ಮಾಡಿ ಸಹಿ ಹಾಕಬೇಕು.

ಕಾಲುವೆ ಲೈನಿಂಗ್ ಕೆಲಸ ಅಂತ ಇಟ್ಟುಕೊಳ್ಳೋಣ. ಸೇಕಡಾ ಅರವತ್ತು ಆಗಿದೆ. ಕೊಠಡಿಗೆ ಕರೆದು ಹೇಳುವುದು ಹೀಗೆ: 'ಗ್ರಾಂಟ್ ಲ್ಯಾಪ್ಸ್ ಆಗುತ್ತೆ ಕಣಯ್ಯ. ಪೂರ್ತಿ ಎಂಬಿ ಬರ್ದ್ಬಿಡು. ಏಪ್ರಿಲ್‌ನಲ್ಲಿ ಅವನು ಮುಗಿಸ್ಕೊಡ್ತಾನೆ, ನಾನಿದ್ದೀನಿ.' ಜೆಇ ಬರೆಯುತ್ತಾನೆ. ಏಪ್ರಿಲ್‌ನಲ್ಲಿ ಗುತ್ತಿಗೆದಾರನಿಗೆ ದುಡ್ಡು ಬಂದಾಗಿದೆ, ಬೇರೆ ಸೈಟಿಗೆ ಮಷಿನ್ ಸಾಗಿಸಿದ್ದಾನೆ. ಮೇ ತಿಂಗಳಲ್ಲಿ ಸಾರ್ವತ್ರಿಕ ವರ್ಗಾವಣೆ, 'ನಾನಿದ್ದೀನಿ' ಅಂದವರು ಅಲ್ಲಿಲ್ಲ. ಜುಲೈನಲ್ಲಿ ನಾಲೆಗೆ ನೀರು ಬಿಟ್ಟ ಮೇಲೆ ತಳದ ಕಾಂಕ್ರೀಟ್ ಅಳೆಯಲು ಸಾಧ್ಯವೂ ಇಲ್ಲ. ಮುಂದಿನ ವರ್ಷ ನೀರು ನಿಲ್ಲಿಸಿದಾಗ ಆಡಿಟ್‌ನವರೋ ಲೋಕಾಯುಕ್ತದವರೋ ಬಂದು ಕೋರ್, ಅಂದರೆ ಕೊರೆದು ಮಾದರಿ, ತೆಗೆದರೆ, ಕೊನೆಯ ಭಾಗದಲ್ಲಿ ಕಾಂಕ್ರೀಟೇ ಇಲ್ಲ. ಎಂಬಿಯಲ್ಲಿ ಇರುವ ಕೈಬರಹ ಒಬ್ಬನದೇ. ಮರು ಅಳತೆಯ ಸಹಿ ಹಾಕಿದ ಎಇಇ 'ಜೆಇ ತೋರಿಸಿದ ಜಾಗದಲ್ಲಿ ನೋಡಿದೆ' ಎಂದು ಹೇಳಿಕೆ ಕೊಡುತ್ತಾರೆ. ಮಾಡು ಅಂದವರ ಸಹಿ ಇರುವುದು ಒಟ್ಟು ಬಿಲ್ಲಿನ ಮೇಲೆ ಮಾತ್ರ, ಅದೂ 'ದಾಖಲೆಗಳ ಆಧಾರದ ಮೇಲೆ'.

ಇದರ ನಂತರದ್ದು ನಿಧಾನವಾಗಿ ಉರಿಯುವ ಬೆಂಕಿ. ನಿವೃತ್ತಿಯಾದವರ ಮೇಲೆ ಹೊಸದಾಗಿ ವಿಚಾರಣೆ ಹೂಡಲು ಕರ್ನಾಟಕ ಸೇವಾ ನಿಯಮಾವಳಿಯ 214ನೇ ನಿಯಮ ನಾಲ್ಕು ವರ್ಷದ ಗೆರೆ ಎಳೆದಿದೆ. ಅದಕ್ಕಿಂತ ಹಿಂದಿನ ಘಟನೆಗೆ ಇಲಾಖಾ ವಿಚಾರಣೆ ಶುರು ಮಾಡುವಂತಿಲ್ಲ. ಆಡಿಟ್ ಪ್ಯಾರಾ, ಅಂದರೆ ಲೆಕ್ಕಪರಿಶೋಧಕರ ಆಕ್ಷೇಪಣೆ, ತಿರುಗಾಡಿ, ಕಡತ ಬೆಂಗಳೂರಿಗೆ ಹೋಗಿ ಬರುವಷ್ಟರಲ್ಲಿ ಹಿರಿಯ ಅಧಿಕಾರಿ ನಿವೃತ್ತನಾಗಿ ಆ ಗೆರೆ ದಾಟಿರುತ್ತಾನೆ. ಇನ್ನೂ ಇಪ್ಪತ್ತು ವರ್ಷ ಸರ್ವೀಸು ಇರುವ ಜೆಇಗೆ ಯಾವ ಗೆರೆಯೂ ಇಲ್ಲ. ಬಡ್ತಿಯ ಪಟ್ಟಿ ಬಂದಾಗಲೆಲ್ಲ ಅವನದು ವಿಚಾರಣೆ ಮುಗಿಯುವ ತನಕ ತೆರೆಯದ ಮುಚ್ಚಿದ ಲಕೋಟೆ. ವಯಸ್ಸಾದವನು, ಹುದ್ದೆಯಲ್ಲಿ ದೊಡ್ಡವನು, ನಿರ್ಧಾರ ಮಾಡಿದವನು ಎಷ್ಟು ಬೇಗ ಕೈತೊಳೆದುಕೊಳ್ಳುತ್ತಾನೋ, ಚಿಕ್ಕವನು ಅಷ್ಟು ಉದ್ದ ಅನುಭವಿಸುತ್ತಾನೆ. ಈ ಅಸಮತೋಲವನ್ನು ನೋಡಿ ಕಲಿತ ಹುಡುಗರು ಹತ್ತು ವರ್ಷದ ನಂತರ ತಾವೇ ಕುರ್ಚಿಯಲ್ಲಿ ಕೂತಾಗ ಏನು ಮಾಡುತ್ತಾರೆ? ಬಹಳ ಮಂದಿ ಅದನ್ನೇ ಮಾಡುತ್ತಾರೆ.

ಮಾರ್ಚಿಗೆ ಬೇರೆ ದಾರಿಯೇ ಇಲ್ಲವೆಂದಲ್ಲ. ಆದಷ್ಟು ಕೆಲಸಕ್ಕೆ ನಿಜವಾದ ಅಳತೆ ಬರೆದು ಭಾಗಶಃ ಬಿಲ್ಲು ಮಾಡಬಹುದು. ಉಳಿದದ್ದನ್ನು ಮುಂದುವರಿದ ಕಾಮಗಾರಿ ಎಂದು ಮುಂದಿನ ವರ್ಷದ ಕ್ರಿಯಾ ಯೋಜನೆಗೆ ಸೇರಿಸಲು ಪತ್ರ ಬರೆಯಬಹುದು. ಫೆಬ್ರವರಿ ಮೊದಲ ವಾರವೇ 'ಇಷ್ಟು ಕೆಲಸ ಬಾಕಿ, ಮಾರ್ಚ್ ಒಳಗೆ ಮುಗಿಯುವುದಿಲ್ಲ, ಕಾರಣ ಇದು' ಎಂಬ ಪತ್ರ ಟಪಾಲಿನಲ್ಲಿ ದಾಖಲಾಗಿ ಆವಕ ಸಂಖ್ಯೆ ಬಿದ್ದಿದ್ದರೆ, ಮಾರ್ಚ್ 28ರಂದು ಕೊಠಡಿಗೆ ಕರೆಯುವವರ ದನಿಯೇ ಬದಲಾಗಿರುತ್ತದೆ. ಪತ್ರಕ್ಕೆ ಅಷ್ಟು ಶಕ್ತಿ ಇದೆ. ಆದರೆ ಫೆಬ್ರವರಿಯಲ್ಲಿ ಅದನ್ನು ಬರೆದವನಿಗೆ 'ನೆಗೆಟಿವ್' ಅಂತ ಹೆಸರು ಬೀಳುತ್ತದೆ.

ಕಂಬದ ಮೇಲೆ

ಎಂಬಿಯಲ್ಲಿ ಹೋಗುವುದು ಹಣ, ಮರ್ಯಾದೆ. ವಿದ್ಯುತ್ ಲೈನಿನ ಕೆಲಸದಲ್ಲಿ ಇದೇ ಬಾಯಿಮಾತಿನ ಆದೇಶಕ್ಕೆ ಪ್ರಾಣ ಹೋಗುತ್ತದೆ. 11 ಕೆವಿ ಲೈನಿಗೆ ಕೈ ಹಾಕುವ ಮೊದಲು ಲೈನ್ ಕ್ಲಿಯರ್, ಅಂದರೆ ಎಲ್‌ಸಿ, ಪಡೆಯಬೇಕು. ಉಪಕೇಂದ್ರದ ಆಪರೇಟರ್ ಬ್ರೇಕರ್ ಟ್ರಿಪ್ ಮಾಡಿ, ಐಸೊಲೇಟರ್ ತೆರೆದು, ಅರ್ಥ್ ಮಾಡಿ, ಬೀಗ ಹಾಕಿ, ಕೆಲಸ ನಡೆಯುತ್ತಿದೆ ಎಂಬ ಬೋರ್ಡ್ ನೇತುಹಾಕಿ, ಎಲ್‌ಸಿ ಪುಸ್ತಕದಲ್ಲಿ ಫೀಡರ್, ಸಮಯ, ಪಡೆದವರ ಹೆಸರು ಬರೆದು ನಂಬರ್ ಕೊಡುತ್ತಾನೆ. ಸ್ಥಳದಲ್ಲಿ ಪವರ್‌ಮ್ಯಾನ್ ಲೈನಿನಲ್ಲಿ ಕರೆಂಟ್ ಇಲ್ಲವೆಂದು ಪರೀಕ್ಷಿಸಿ, ಡಿಸ್ಚಾರ್ಜ್ ರಾಡಿನ ಅರ್ಥ್ ತುದಿಯನ್ನು ಮೊದಲು ಬಿಗಿದು, ಆಮೇಲೆ ಲೈನಿಗೆ ಕೊಕ್ಕೆ ಹಾಕಿ, ಹೀಗೆ ಕೆಲಸದ ಜಾಗದ ಎರಡೂ ಬದಿಗೆ ಮಾಡಿ ನಂತರ ಕೈ ಹಾಕಬೇಕು. ಎರಡೂ ಬದಿಗೆ ಯಾಕೆಂದರೆ ಕರೆಂಟ್ ಉಪಕೇಂದ್ರದ ಕಡೆಯಿಂದಲೇ ಬರಬೇಕೆಂದಿಲ್ಲ. ಛತ್ರದ ಜನರೇಟರ್‌ನಿಂದ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಮೂಲಕ ಹಿಂದಕ್ಕೆ ಹರಿದೀತು, ಅಡ್ಡ ಹಾದುಹೋಗುವ ಇನ್ನೊಂದು ಫೀಡರಿನ ತಂತಿ ತಾಗೀತು. ಕೆಲಸ ಮುಗಿದ ಮೇಲೆ ಎಲ್‌ಸಿ ಪಡೆದವನೇ ವಾಪಸ್ ಕೊಡಬೇಕು. ಬೇರೆಯವನು 'ಆಯ್ತು, ಬಿಡಿ' ಅಂದರೆ ಆಪರೇಟರ್ ಚಾರ್ಜ್ ಮಾಡುವಂತಿಲ್ಲ.

ಈಗ ಮಂಡ್ಯ ಕಡೆಯ ಒಂದು ಸಂಜೆ. ಕಬ್ಬಿನ ಗದ್ದೆ ಬದುವಿನಲ್ಲಿ ಜಂಪರ್, ಅಂದರೆ ಎರಡು ತಂತಿ ಜೋಡಿಸುವ ತುಂಡು ತಂತಿ, ಕಡಿದು ಬಿದ್ದಿದೆ. ತ್ರೀ ಫೇಸ್ ಕೊಡುವುದೇ ದಿನಕ್ಕೆ ಏಳು ಗಂಟೆ, ಅದರಲ್ಲಿ ಎರಡು ಗಂಟೆ ಆಗಲೇ ಹೋಗಿದೆ. ಹದಿನೈದು ಜನ ರೈತರು ಸುತ್ತ ನಿಂತಿದ್ದಾರೆ, ಒಬ್ಬರು ಆಗಲೇ ಶಾಸಕರ ಆಪ್ತ ಸಹಾಯಕರಿಗೆ ಫೋನ್ ಮಾಡಿದ್ದಾಗಿದೆ. ಅಲ್ಲಿಂದ ಮೇಲಿನವರಿಗೆ, ಮೇಲಿನವರಿಂದ ಶಾಖಾಧಿಕಾರಿಗೆ, ಅವರಿಂದ ಪವರ್‌ಮ್ಯಾನ್ ಕಿವಿಗೆ: 'ಎಲ್‌ಸಿ ತಗೊಂಡ್ರೆ ಇಡೀ ಫೀಡರ್ ಆಫ್ ಆಗ್ತದೆ, ಇಂಟರಪ್ಷನ್ ಲೆಕ್ಕಕ್ಕೆ ಬರ್ತದೆ. ಜಿಒಎಸ್ ಎಳ್ದು ಹತ್ತು, ಐದ್ ನಿಮಿಷದ್ ಕೆಲಸ.' ಜಿಒಎಸ್ ಅಂದರೆ ಮೂರೂ ತಂತಿಗಳನ್ನು ಒಟ್ಟಿಗೆ ಬಿಡಿಸುವ, ಕಂಬದ ಕೆಳಗಿನ ಹಿಡಿಯಿಂದ ಎಳೆಯುವ ಸ್ವಿಚ್. ಹಳೆಯ ಜಿಒಎಸ್‌ಗಳ ಕಾಯಿಲೆ ಎಲ್ಲ ಪವರ್‌ಮ್ಯಾನ್‌ಗಳಿಗೂ ಗೊತ್ತು. ಹಿಡಿ ಪೂರ್ತಿ ಕೆಳಗೆ ಬಂದರೂ ಮೂರು ಬ್ಲೇಡುಗಳಲ್ಲಿ ಒಂದು ತುಕ್ಕು ಹಿಡಿದು ಅಲ್ಲೇ ಅಂಟಿಕೊಂಡಿರುತ್ತದೆ. ಹಗಲಲ್ಲಿ ಕತ್ತೆತ್ತಿ ನೋಡಿದರೆ ಕಾಣುತ್ತದೆ, ಮಬ್ಬುಗತ್ತಲಲ್ಲಿ ಕಾಣುವುದಿಲ್ಲ. ಡಿಸ್ಚಾರ್ಜ್ ರಾಡ್ ಇರುವುದು ಕಚೇರಿಯ ಗೂಡಿನಲ್ಲಿ, ಬೈಕಿನಲ್ಲಿ ಅದನ್ನು ಕಟ್ಟಿಕೊಂಡು ತಿರುಗುವುದು ಯಾರಿಗೂ ಆಗದ ಮಾತು.

ಅವಘಡವಾದರೆ 2003ರ ವಿದ್ಯುತ್ ಕಾಯ್ದೆಯ 161ನೇ ಸೆಕ್ಷನ್ ಪ್ರಕಾರ ವರದಿ ಹೋಗುತ್ತದೆ, ವಿದ್ಯುತ್ ಪರಿವೀಕ್ಷಕರು ಬರುತ್ತಾರೆ. ಮೊದಲು ತೆರೆಸುವುದು ಎಲ್‌ಸಿ ಪುಸ್ತಕ. ಆ ಸಂಜೆಯ ನಮೂದು ಇಲ್ಲ. ಸತ್ತವನು ನಿಯಮ ಮೀರಿದ. ಫೋನಿನಲ್ಲಿ ಹೇಳಿದ ಮೂವರ ಹೆಸರು ಯಾವ ಪುಸ್ತಕದಲ್ಲೂ ಬರುವುದಿಲ್ಲ. ಕಚೇರಿಯಲ್ಲಿ ಎರಡು ನಿಮಿಷ ಮೌನ, ಮರುದಿನ 'ಸುರಕ್ಷತೆಗೆ ಆದ್ಯತೆ ನೀಡಿ' ಅಂತ ಸುತ್ತೋಲೆ. ಆ ಸುತ್ತೋಲೆಗೆ ಮಾತ್ರ ತಪ್ಪದೆ ಸಹಿ ಇರುತ್ತದೆ.

ಇಲ್ಲಿ ನಾಯಕತ್ವ ಅಂದರೆ ಭಾಷಣ ಅಲ್ಲ, ಮೂರು ಸಣ್ಣ ಕೆಲಸ. ಎಲ್‌ಸಿ ಇಲ್ಲದೆ ಹತ್ತಲು ನಿರಾಕರಿಸಿದವನಿಗೆ ಮೆಮೊ ಹೋಗದು ಎಂದು ಬರೆದುಕೊಡುವುದು. ಶಾಸಕರ ಆಪ್ತ ಸಹಾಯಕರಿಗೆ ತಾನೇ ಫೋನ್ ಮಾಡಿ 'ನಲವತ್ತು ನಿಮಿಷ ಬೇಕು' ಅನ್ನುವುದು. ಶಾಖಾಧಿಕಾರಿಗಳನ್ನು ಇಂಟರಪ್ಷನ್ ಲೆಕ್ಕದಲ್ಲಿ, ಅಂದರೆ ಕರೆಂಟ್ ಎಷ್ಟು ಸಲ ಹೋಯಿತು ಅನ್ನುವುದರಲ್ಲಿ, ಅಳೆಯುವಾಗ ಸುರಕ್ಷತೆಗಾಗಿ ತೆಗೆದ ಎಲ್‌ಸಿಯನ್ನು ಆ ಲೆಕ್ಕದಿಂದ ಹೊರಗಿಡುವುದು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ತಿಂಗಳ ಪ್ರಗತಿ ಪರಿಶೀಲನೆಯಲ್ಲಿ ಯಾವ ಅಂಕಿಯನ್ನು ಕೇಳುತ್ತಾರೋ ಕಚೇರಿ ಅದನ್ನು ತಯಾರಿಸಿ ಕೊಡುತ್ತದೆ, ಅದಕ್ಕಾಗಿ ಬೇರೆ ಏನನ್ನು ಬಲಿ ಕೊಟ್ಟಿತು ಅನ್ನುವುದನ್ನು ತಾನಾಗಿ ಹೇಳುವುದಿಲ್ಲ.

ಒಪ್ಪದವರಿಗೆ

ಬಾಯಿಮಾತಿಗೆ ಬಗ್ಗದವರನ್ನು ಬಗ್ಗಿಸಲು ಇರುವ ಸಾಧನಗಳು ಎಲ್ಲರಿಗೂ ಪರಿಚಿತ: ಹೆಚ್ಚುವರಿ ಪ್ರಭಾರ, ನಿಯೋಜನೆ ಮೇಲೆ ದೂರದ ತಾಲ್ಲೂಕು, ಮಂಜೂರಾಗದ ರಜೆ, ವಾರಕ್ಕೊಂದು ಕಾರಣ ಕೇಳುವ ನೋಟಿಸ್. ನೋಟಿಸಿಗೆ ಉತ್ತರ ಬರೆಯುವಾಗ ಬಹುತೇಕರು ಎಡವುವುದು ಸಿಟ್ಟಿನಲ್ಲಿ. 'ತಮಗೆ ನನ್ನ ಮೇಲೆ ವೈಯಕ್ತಿಕ ದ್ವೇಷ' ಎಂದು ಶುರುಮಾಡಿದ ಉತ್ತರವೇ ಎರಡನೇ ನೋಟಿಸಿಗೆ ದಾರಿ. ಆರೋಪದ ಸಂಖ್ಯೆಗೆ ಸರಿಯಾಗಿ ಉತ್ತರದ ಸಂಖ್ಯೆ, ಪ್ರತಿಯೊಂದಕ್ಕೂ ದಿನಾಂಕ ಮತ್ತು ಕಡತ ಸಂಖ್ಯೆ, ದಾಖಲೆ ಕೈಯಲ್ಲಿಲ್ಲದಿದ್ದರೆ ಅದರ ಪ್ರತಿ ಕೋರಿ ಕಾಲಾವಕಾಶ, ಗಡುವಿನೊಳಗೆ ಟಪಾಲಿಗೆ ಕೊಟ್ಟು ಸ್ವೀಕೃತಿ. ಅಷ್ಟೇ. ರಾಜ್ಯದ 1957ರ ಸಿಸಿಎ, ಅಂದರೆ ಶಿಸ್ತು ಕ್ರಮದ, ನಿಯಮಗಳಲ್ಲಿ 12ನೇ ನಿಯಮ ಸಣ್ಣ ದಂಡನೆಗೆ, 11ನೇ ನಿಯಮ ದೊಡ್ಡ ದಂಡನೆಗೆ. ದೊಡ್ಡದಾದರೆ ದೋಷಾರೋಪ, ಅದರ ವಿವರ, ದಾಖಲೆಗಳ ಪಟ್ಟಿ, ಸಾಕ್ಷಿಗಳ ಪಟ್ಟಿ ನಾಲ್ಕೂ ಬರಬೇಕು. ನಿಗಮ, ಮಂಡಳಿಗಳಿಗೆ ತಮ್ಮದೇ ಸೇವಾ ನಿಯಮ ಇರುತ್ತದೆ, ಮೊದಲು ಆ ಪುಸ್ತಕ ತರಿಸಿ ಓದಬೇಕು. ಅಮಾನತು ಮಾಡಿ ಮರೆತುಬಿಡುವ ಪದ್ಧತಿಗೆ ಸುಪ್ರೀಂ ಕೋರ್ಟ್ 2015ರ ಅಜಯ್ ಕುಮಾರ್ ಚೌಧರಿ ತೀರ್ಪಿನಲ್ಲಿ ಮೂರು ತಿಂಗಳ ಕಡಿವಾಣ ಹಾಕಿದೆ. ಅಷ್ಟರೊಳಗೆ ಆರೋಪ ಪಟ್ಟಿ ಕೊಡದಿದ್ದರೆ ಅಮಾನತು ಮುಂದುವರಿಸುವಂತಿಲ್ಲ, ಕೊಟ್ಟಿದ್ದರೆ ಮುಂದುವರಿಸಲು ಕಾರಣ ಸಹಿತ ಆದೇಶ ಬೇಕು.

ಸದ್ದಿಲ್ಲದೆ ಕೊಲ್ಲುವುದು ಮೇಲಧಿಕಾರಿ ವರ್ಷಕ್ಕೊಮ್ಮೆ ಬರೆಯುವ ಕಾರ್ಯನಿರ್ವಹಣಾ ವರದಿ. 'ಅತ್ಯುತ್ತಮ'ದಿಂದ 'ಉತ್ತಮ'ಕ್ಕೆ ಒಂದು ಮೆಟ್ಟಿಲು ಇಳಿಸಿದರೆ ನೋಡುವವರಿಗೆ ಶಿಕ್ಷೆ ಅನ್ನಿಸುವುದೇ ಇಲ್ಲ, ಬಡ್ತಿಯಲ್ಲಿ ಮಾತ್ರ ಹಿಂದೆ ಬೀಳುತ್ತದೆ. ಪ್ರತಿಕೂಲ ಷರಾ ಮಾತ್ರವಲ್ಲ, ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸಬೇಕು ಎಂದು 2008ರ ದೇವ್ ದತ್ ತೀರ್ಪು ಹೇಳಿತು, 2013ರ ಸುಖದೇವ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಎತ್ತಿಹಿಡಿಯಿತು. ಸ್ವಮೌಲ್ಯಮಾಪನದ ಕಾಲಂನಲ್ಲಿ 'ವಹಿಸಿದ ಕೆಲಸ ತೃಪ್ತಿಕರವಾಗಿ ನಿರ್ವಹಿಸಿದ್ದೇನೆ' ಎಂದು ಒಂದು ಸಾಲು ಗೀಚಿ ಕೊಡುವವರೇ ಹೆಚ್ಚು. ಅಲ್ಲಿ ಅಂಕಿ, ಕಡತ, ದಿನಾಂಕ ಬರೆದಿದ್ದರೆ ಗ್ರೇಡ್ ಇಳಿಸುವವರು ಕಾರಣ ಹುಡುಕಬೇಕಾಗುತ್ತದೆ.

ಮಹಿಳಾ ನೌಕರರ ವಿಷಯದಲ್ಲಿ ಒಂದು ಮಾತು ಬೇರೆಯಾಗಿ ಹೇಳಬೇಕು. ಹತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಇರುವ ಕಚೇರಿಯಲ್ಲಿ ಆಂತರಿಕ ಸಮಿತಿ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಕಡ್ಡಾಯ. ಅಧ್ಯಕ್ಷೆ ಮಹಿಳೆ, ಅರ್ಧಕ್ಕಿಂತ ಕಡಿಮೆಯಿಲ್ಲದಂತೆ ಮಹಿಳಾ ಸದಸ್ಯರು, ಹೊರಗಿನವರು ಒಬ್ಬರು. ಘಟನೆಯಾದ ಮೂರು ತಿಂಗಳೊಳಗೆ ದೂರು, ತೊಂಬತ್ತು ದಿನದೊಳಗೆ ವಿಚಾರಣೆ. ಗೋಡೆಯ ಮೇಲಿನ ಬೋರ್ಡಿನಲ್ಲಿ ವರ್ಗವಾಗಿ ಹೋದ ಅಧ್ಯಕ್ಷೆಯ ಹೆಸರೇ ಇದ್ದರೆ ಆ ಸಮಿತಿ ಎಷ್ಟು ಸಲ ಕೂತಿದೆ ಎಂದು ಊಹಿಸಬಹುದು.

ಲೈಂಗಿಕ ಕಿರುಕುಳದ ಕಾಯ್ದೆ ಬಿಟ್ಟರೆ, ಇಷ್ಟೆಲ್ಲ ನಿಯಮ, ತೀರ್ಪು ಇರುವುದು ಕಾಯಂ ನೌಕರರಿಗೆ. ಡೇಟಾ ಎಂಟ್ರಿ ಆಪರೇಟರ್, ಡ್ರೈವರ್, ಮೀಟರ್ ರೀಡರ್, ವಾಟರ್‌ಮ್ಯಾನ್ ಇವರೆಲ್ಲ ಹೊರಗುತ್ತಿಗೆ. ಅವರಿಗೆ ಮೆಮೊ ಕೊಡುವ ಗೌರವವೂ ಇಲ್ಲ. 'ನಾಳೆಯಿಂದ ಬರಬೇಡ' ಅಂತ ಏಜೆನ್ಸಿಯವನ ಬಾಯಲ್ಲಿ ಹೇಳಿಸಿದರೆ ಮುಗಿಯಿತು. ಇ-ಆಫೀಸಿನ ಲಾಗಿನ್ ಸಾಹೇಬರದು, ಪಾಸ್‌ವರ್ಡ್ ಆಪರೇಟರ್ ಹುಡುಗಿಯ ಹತ್ತಿರ. ಅಷ್ಟು ನಂಬಿಕೆ. ಪಿಎಫ್ ಕಟ್ಟಿದ್ದಾರಾ ಎಂದು ಅವಳು ಕೇಳಿದ ದಿನ ಆ ನಂಬಿಕೆ ಹೋಗುತ್ತದೆ. ಮುಖ್ಯ ಮಾಲೀಕನಾಗಿ ಪಿಎಫ್ ಕಟ್ಟಿಸುವ ಹೊಣೆ ಕಚೇರಿಯದೂ ಹೌದು. ಏಜೆನ್ಸಿಯ ತಿಂಗಳ ಬಿಲ್ಲಿಗೆ ಚಲನ್ ಮತ್ತು ಹೆಸರುವಾರು ಪಟ್ಟಿ ಲಗತ್ತಿಸದೆ ಹಣ ಬಿಡುವುದಿಲ್ಲ ಎಂದು ಒಬ್ಬ ಲೆಕ್ಕಾಧಿಕಾರಿ ಹಟ ಹಿಡಿದರೆ ಸಾಕು. ಯುಎಎನ್, ಅಂದರೆ ಪಿಎಫ್ ಖಾತೆಯ, ನಂಬರ್ ಇದ್ದರೆ ಹುಡುಗಿಯೂ ಮೊಬೈಲಿನಲ್ಲಿ ಪಾಸ್‌ಬುಕ್ ನೋಡಿಕೊಳ್ಳಬಹುದು.

ಫೋಟೊ ಕೆಳಗೆ ಕೂತವರು

ಈ ಭಾಗದಲ್ಲಿ ವಿಶ್ವೇಶ್ವರಯ್ಯನವರ ಫೋಟೊ ಇಲ್ಲದ ಇಂಜಿನಿಯರಿಂಗ್ ಕಚೇರಿ ಸಿಗುವುದು ಕಷ್ಟ. ಸೆಪ್ಟೆಂಬರ್ 15ಕ್ಕೆ ಹಾರ, ಶಿಸ್ತಿನ ಬಗ್ಗೆ ಭಾಷಣ, ಲಾಡು, ಖಾರ. 1912ರಿಂದ 1918ರವರೆಗೆ ದಿವಾನರಾಗಿದ್ದ ಅವರು ಬಿಟ್ಟುಹೋದದ್ದರಲ್ಲಿ ಕಟ್ಟೆ, ನಾಲೆಗಳ ಜೊತೆ ರಾಶಿ ರಾಶಿ ಟಿಪ್ಪಣಿ, ವರದಿಗಳೂ ಇವೆ. ಹಾರ ಹಾಕುವವರು ಕಟ್ಟೆಯನ್ನು ಮಾತ್ರ ನೆನೆಯುತ್ತಾರೆ. ರಾಜ್ಯದ ಅಧಿಕಾರಿಗಳಿಗೆ ತರಬೇತಿ ಕೊಡುವ ಆಡಳಿತ ತರಬೇತಿ ಸಂಸ್ಥೆ ಇರುವುದೂ ಮೈಸೂರಿನಲ್ಲೇ, ಲಲಿತಮಹಲ್ ರಸ್ತೆಯಲ್ಲಿ. ಟಿಪ್ಪಣಿ ಬರೆಯುವುದು, ಇಲಾಖಾ ವಿಚಾರಣೆ ನಡೆಸುವುದು ಎಲ್ಲವನ್ನೂ ಕಲಿತು, ಬ್ಯಾಗು, ಪ್ಯಾಡು, ಗ್ರೂಪ್ ಫೋಟೊ ತೆಗೆದುಕೊಂಡು ಬರುತ್ತಾರೆ. ವಾಪಸ್ ಬಂದ ಸೋಮವಾರ ಮೊದಲ ಕಡತದ ಮೇಲೆ ಬರೆಯುವುದು 'ಚರ್ಚಿಸಿ'.

ಅವರಿಗೂ ಹೆದರಿಕೆ ಇದೆ ಅನ್ನುವುದನ್ನು ಒಪ್ಪಬೇಕು. ಕುರ್ಚಿ ಸಿಕ್ಕಿರುವುದು ಒಂದು ಶಿಫಾರಸು ಪತ್ರದಿಂದ, ಹೋಗುವುದು ಇನ್ನೊಂದರಿಂದ. ಪ್ರಭಾರದಲ್ಲಿ ಇರುವವರಿಗಂತೂ ನಾಳೆಯ ಖಾತರಿ ಇಲ್ಲ. ಮೇಲಿನಿಂದ ಅವರಿಗೆ ಬರುವುದೂ ಬಾಯಿಮಾತೇ. ಅದನ್ನು ಬರೆದುಕೊಡಿ ಎಂದು ಕೇಳುವ ಧೈರ್ಯವಿಲ್ಲದೆ, ಬಂದ ಹಾಗೇ ಕೆಳಗೆ ದಾಟಿಸುತ್ತಾರೆ. ದಾಟಿಸುತ್ತಾ ಹೋದರೆ ಕೊನೆಗೆ ಒಬ್ಬ ಸಿಗುತ್ತಾನೆ, ಅವನ ಕೆಳಗೆ ದಾಟಿಸಲು ಯಾರೂ ಇಲ್ಲ, ಅವನು ಬರೆಯಲೇಬೇಕು. ಎಂಬಿ ಅವನ ಕೈಯಲ್ಲಿದೆ, ಕಂಬ ಅವನ ಮುಂದಿದೆ. ಹೆದರಿಕೆ ಎಲ್ಲರಿಗೂ ಇದೆ ನಿಜ, ಆದರೆ ಅದನ್ನು ಕೆಳಕ್ಕೆ ದಾಟಿಸುವ ಸೌಲಭ್ಯ ಎಲ್ಲರಿಗೂ ಇಲ್ಲ. ಸಂಬಳದ ವ್ಯತ್ಯಾಸ ಇರುವುದೇ ಆ ಹೆದರಿಕೆಯನ್ನು ಮೇಲೆಯೇ ತಡೆಯಲಿ ಅಂತ.

ಬರೆದು ಸಹಿ ಹಾಕುವ ಅಧಿಕಾರಿ ಬಂದಾಗ ಏನಾಗುತ್ತದೆ ಅನ್ನುವುದೂ ನೋಡಲು ಸಿಗುತ್ತದೆ. ಮೊದಲೆರಡು ತಿಂಗಳು ಕಡತ ನಿಧಾನ. ಗುತ್ತಿಗೆದಾರರು 'ಸಾಹೇಬ್ರು ಒಳ್ಳೇವ್ರು, ಕೆಲ್ಸ ಆಗಲ್ಲ' ಅನ್ನುತ್ತಾರೆ. ಸಿಬ್ಬಂದಿಯೂ ಗೊಣಗುತ್ತಾರೆ, ಯಾಕೆಂದರೆ ಅವರೂ ಕಾರಣ ಬರೆಯಬೇಕಾಗುತ್ತದೆ. ಮೂರನೇ ತಿಂಗಳಿಗೆ ಪ್ರಶ್ನೆ ಹಾಕಿ ವಾಪಸ್ ಬರುವ ಕಡತಗಳು ಕಡಿಮೆಯಾಗುತ್ತವೆ, ಯಾವುದಕ್ಕೆ ಏನು ಕೇಳುತ್ತಾರೆ ಎಂದು ಎಲ್ಲರಿಗೂ ತಿಳಿದಿರುತ್ತದೆ. ಅಷ್ಟರಲ್ಲಿ ವರ್ಗಾವಣೆ ಬರದಿದ್ದರೆ ಪುಣ್ಯ.

ವರ್ಗಾವಣೆ ಅಂದಾಗ ಒಂದು ವಿಷಯ ಉಳಿಯಿತು. ಅಧಿಕಾರಿ ಬದಲಾಗುವಾಗ ಸಿಟಿಸಿ, ಅಂದರೆ ಪ್ರಭಾರ ಹಸ್ತಾಂತರದ ಪತ್ರಕ್ಕೆ ಇಬ್ಬರೂ ಸಹಿ ಹಾಕುತ್ತಾರೆ. ಬೀಗದ ಕೈ, ಚೆಕ್ ಪುಸ್ತಕ, ವಾಹನ, ಬಾಕಿ ಕಡತ ಎಲ್ಲ ಪಟ್ಟಿಯಲ್ಲಿರುತ್ತದೆ, ಕೊಟ್ಟ ಬಾಯಿಮಾತುಗಳು ಮಾತ್ರ ಇರುವುದಿಲ್ಲ. ಆದೇಶ ಬಂದ ದಿನಕ್ಕೂ ಬಿಡುಗಡೆಯ ದಿನಕ್ಕೂ ನಡುವೆ ಸಾಮಾನ್ಯವಾಗಿ ಎರಡು ಮೂರು ದಿನ ಸಿಗುತ್ತದೆ. ಅಷ್ಟರಲ್ಲಿ ಒಂದು ಪುಟದ ಪತ್ರ ಸಾಕು: 'ತಮ್ಮ ಮೌಖಿಕ ಸೂಚನೆಯಂತೆ ಕೈಗೊಂಡ ಕೆಳಕಂಡ ಕ್ರಮಗಳನ್ನು ಬಿಡುಗಡೆಗೆ ಮುನ್ನ ಲಿಖಿತವಾಗಿ ದೃಢೀಕರಿಸಲು ಕೋರಿದೆ', ಕೆಳಗೆ ಕ್ರಮ ಸಂಖ್ಯೆ, ಕಡತ, ದಿನಾಂಕ. ಅವರು ಸಹಿ ಹಾಕದೆ ಹೋಗಬಹುದು, ಹೆಚ್ಚಿನವರು ಹಾಕುವುದಿಲ್ಲ. ಆದರೆ ಟಪಾಲಿನ ಆವಕ ಸಂಖ್ಯೆ ಬಿದ್ದಿರುತ್ತದೆ, ಇ-ಮೇಲ್ ಪ್ರತಿ ಉಳಿದಿರುತ್ತದೆ, ಮುಂದೆ ವಿಚಾರಣಾಧಿಕಾರಿ ಕೇಳಿದಾಗ 'ಆಗ ಯಾಕೆ ಹೇಳಲಿಲ್ಲ' ಅನ್ನುವ ಪ್ರಶ್ನೆಗೆ ಉತ್ತರ ಇರುತ್ತದೆ. ಬೀಳ್ಕೊಡುಗೆಗೆ ಶಾಲು, ಪೇಟ, ಹಣ್ಣಿನ ಬುಟ್ಟಿಗೆ ತಲಾ ಇನ್ನೂರು ರೂಪಾಯಿ ವಸೂಲಿ ಶುರುವಾಗುವ ಹೊತ್ತಿಗೆ ಈ ಪತ್ರ ಟಪಾಲಿಗೆ ಹೋಗಿರಬೇಕು.